ವಾಪಸ್ ಬರುವ ಹುಡುಗ

ನಾವು ಎಂಥವರೆಂದು ಅಮೆರಿಕಕ್ಕೆ 1952ರಲ್ಲೇ ಗೊತ್ತಾಗಿತ್ತು. ಆ ವರ್ಷದ ವಲಸೆ ಕಾನೂನಿನ 214(ಬಿ) ಕಲಮಿನ ತಾತ್ಪರ್ಯ ಇಷ್ಟು: ವೀಸಾ ಕೇಳಿ ಬಂದವನು ಅಲ್ಲೇ ಬೇರು ಬಿಡಲು ಹೊರಟವನು, ಅಲ್ಲವೆನ್ನುವುದಾದರೆ ಅವನೇ ಸಾಬೀತು ಮಾಡಲಿ.

ನಮ್ಮಕ್ಕನ ಮಗ ಎಂಎಸ್ ಓದಲು ಹೊರಟ ಮೇಲೆ ಆ ಸಾಬೀತಿನ ಹೊಣೆ ಇಡೀ ಮನೆಯ ಮೇಲೆ ಬಿತ್ತು. ತುಮಕೂರಿನಲ್ಲಿ ಭಾವನವರದು 30–40ರ ಒಂದು ಸೈಟಿದೆ. ಹುಡುಗನಿಗೆ ಊರಿನ ಋಣ ಹರಿದಿಲ್ಲ ಎನ್ನಲು ಅದರ ಖಾತೆಯ ನಕಲೇ ಫೈಲಿನಲ್ಲಿ ಮೊದಲ ಸಾಕ್ಷಿ. ಅದೇ ಸೈಟು ಈಗ ಬ್ಯಾಂಕಿನಲ್ಲಿ ಅಡವಾಗಿದೆ, ಹುಡುಗನನ್ನು ಊರು ಬಿಡಿಸುವ ಸಾಲಕ್ಕೆ. ಸಾಲ ತೀರಬೇಕಾದರೆ ಡಾಲರ್ ಸಂಬಳವೇ ಆಗಬೇಕು. ಅವನು ಬರುತ್ತಾನೆನ್ನಲು ಸಾಕ್ಷಿಯೂ ಆ ಸೈಟೇ, ಬಾರದಿರಲು ಕಾರಣವೂ ಆ ಸೈಟೇ.

ಡಿಎಸ್-160 ಅರ್ಜಿಯಲ್ಲಿ ಭಯೋತ್ಪಾದನೆ ಮಾಡುವ ಉದ್ದೇಶವಿದೆಯೇ, ನರಮೇಧದಲ್ಲಿ ಪಾಲ್ಗೊಂಡಿದ್ದೀರಾ ಎಂದೆಲ್ಲ ಕೇಳುತ್ತಾರೆ. ಬೆಳಗ್ಗೆ ಒಂಬತ್ತಕ್ಕೆ ಮುಂಚೆ ಹಾಸಿಗೆ ಬಿಟ್ಟೇಳದ ಹುಡುಗ ಎಲ್ಲಕ್ಕೂ ‘ಇಲ್ಲ’ ಒತ್ತಿದ. 2025ರ ಜೂನ್‌ನಿಂದ ಇನ್ನೊಂದು ಅಪ್ಪಣೆ: ಸೋಶಿಯಲ್ ಮೀಡಿಯಾ ಖಾತೆಗಳೆಲ್ಲ ಪಬ್ಲಿಕ್ ಆಗಿರಬೇಕು. ಎರಡು ವರ್ಷದಿಂದ ಅಮ್ಮನ ರಿಕ್ವೆಸ್ಟನ್ನು ಪೆಂಡಿಂಗ್ ಇಟ್ಟಿದ್ದ ಇನ್‌ಸ್ಟಾಗ್ರಾಮನ್ನು ಅಮೆರಿಕ ಸರ್ಕಾರಕ್ಕೆಂದು ತೆರೆದಿಟ್ಟ. ಸರ್ಕಾರ ನೋಡಿತೋ ಇಲ್ಲವೋ, ಅಕ್ಕ ನೋಡಿದಳು. ನರಮೇಧಕ್ಕಿಂತ ಕಷ್ಟದ ಪ್ರಶ್ನೆಗಳು ಅವತ್ತು ರಾತ್ರಿ ಊಟದ ಹೊತ್ತಿಗೆ ಬಂದವು.

ವೀಸಾ ಶುಲ್ಕ 185 ಡಾಲರ್, ವಿದೇಶಿ ವಿದ್ಯಾರ್ಥಿಗಳ ಲೆಕ್ಕವಿಡುವ ಸೆವಿಸ್‌ಗೆಂದು ಮೇಲೆ 350. ವೀಸಾ ಸಿಗದಿದ್ದರೂ ಆ 185 ವಾಪಸ್ ಬರುವುದಿಲ್ಲ. ವಾಪಸ್ ಬರುತ್ತೇನೆಂದು ಹುಡುಗ ಪ್ರಮಾಣ ಮಾಡಬೇಕೇ ಹೊರತು ದುಡ್ಡಿಗೆ ಆ ನಿಯಮವಿಲ್ಲ.

ವೀಸಾ ಇಂಟರ್‌ವ್ಯೂಗೆಂದು ಚೆನ್ನೈಗೆ ಹೊರಡುವ ಹಿಂದಿನ ರಾತ್ರಿ ತಾಲೀಮು. ಭಾವ ಅಡುಗೆಮನೆ ಕಿಟಕಿಯಾಚೆ ನಿಂತು ಅಧಿಕಾರಿಯಾದರು. ಇಂಗ್ಲಿಷಿಗೆ ಮುಂಚೆ ಕನ್ನಡದಲ್ಲೊಂದು ಸುತ್ತು.

“ಓದು ಮುಗಿದ್ಮೇಲೆ ಏನ್ ಮಾಡ್ತೀಯ?”

“ತುಮಕೂರಿಗೇ ವಾಪಸ್ ಬಂದು ಅಪ್ಪ ಅಮ್ಮನ್ನ ನೋಡ್ಕೊತೀನಿ.”

ಒಳಕೋಣೆಯಿಂದ ಅವನಜ್ಜಿ ಸೆರಗಲ್ಲಿ ಕಣ್ಣೊರೆಸಿಕೊಳ್ಳುತ್ತ ಬಂದರು. “ಹೌದೇನೋ ಮಗಾ? ಬಂದ್‌ಬಿಡ್ತೀಯಾ?”

“ಅಮ್ಮಾ, ಅದು ಇಂಟರ್‌ವ್ಯೂಗೆ ಹೇಳೋದು. ಸುಮ್ನೆ ಮಲಕ್ಕೋ,” ಎಂದರು ಭಾವ.

ಚೆನ್ನೈನಲ್ಲಿ ಮೂರೇ ನಿಮಿಷ. ಅಷ್ಟು ಹೊತ್ತು ಹೊಂದಿಸಿದ ಫೈಲನ್ನು ಯಾರೂ ಬಿಚ್ಚಿಸಲಿಲ್ಲ. ಪಾಸ್‌ಪೋರ್ಟ್ ಒಳಗಿಟ್ಟುಕೊಂಡರು, ವೀಸಾ ಆಯಿತು. ಬೀದಿಗೆಲ್ಲ ಪೇಡ ಹಂಚಿದೆವು. “ಇನ್ನೇನು, ಹುಡುಗ ಸೆಟ್ಲ್ ಆದ ಬಿಡಿ,” ಎಂದು ಪೇಡ ತಿಂದವರೆಲ್ಲ ಹರಸಿದರು. 1952ರ ಕಾನೂನು ಬರೆದವರು ನಮ್ಮ ಬೀದಿಯಲ್ಲೇ ಕೂತು ಬರೆದಿರಬೇಕು.

ಅವನು ವಾಪಸ್ ಬರುತ್ತಾನೆಂದು ನಂಬಿದವರು ಇಬ್ಬರೇ: ಚೆನ್ನೈನ ಆ ಅಧಿಕಾರಿ, ಮತ್ತು ಅಜ್ಜಿ.