ಗೋಡೆಗೊಂದು ಲೋಟ

ಆಷಾಢದಲ್ಲಿ ನಮ್ಮೂರು ದೋಣಿಗಲ್‌ಗೆ ಬಂದು ‘ಗೋಡೆ ಒದ್ದೆಯಾಗಿದೆಯಲ್ಲ’ ಎನ್ನುವವರನ್ನು ಬಯಲುಸೀಮೆಯವರೆಂದು ಕ್ಷಮಿಸಿಬಿಡುತ್ತೇವೆ. ಇಲ್ಲಿ ಹಾಸಿಗೆ, ಬೆಂಕಿಪೊಟ್ಟಣ, ಉಪ್ಪಿನ ಡಬ್ಬಿ ಎಲ್ಲವೂ ಒದ್ದೆಯೇ. ಬಚ್ಚಲಿನ ಗೋಡೆಯ ಹೊರಮೈ ಪಾಚಿಗಟ್ಟಿದ್ದನ್ನೂ ನಾನು ಮಳೆಯ ತಲೆಗೇ ಕಟ್ಟಿದ್ದೆ. ಮಾರ್ಚ್ ಬಂದರೂ ಹಸಿರು ಮಾಸದಿದ್ದಾಗ ಹೆಂಡತಿ ಕೇಳಿದಳು: “ರೀ, ಕಾಫಿ ತೋಟದ ಜೊತೆ ಗೋಡೆಗೂ ಸ್ಪ್ರಿಂಕ್ಲರ್ ಇಟ್ಟಿದ್ದೀರಾ?”

ಸೋರಿಕೆಯ ಅನುಮಾನ ಬಂತು. ಅಂದು ರಾತ್ರಿ ನಲ್ಲಿಗಳನ್ನೆಲ್ಲ ಬಂದ್ ಮಾಡಿ, ಟ್ಯಾಂಕಿಗೆ ನೀರು ಬರುವ ವಾಲ್ವನ್ನೂ ಮುಚ್ಚಿ, ನೀರಿನ ಮಟ್ಟಕ್ಕೆ ಗೆರೆ ಎಳೆದೆ. ಬೆಳಿಗ್ಗೆ ಗೆರೆ ಅಲ್ಲೇ ಇತ್ತು, ನೀರು ಕೆಳಗಿಳಿದಿತ್ತು. ಸೆಕೆಂಡಿಗೊಂದು ಹನಿಯೆಂದರೆ ದಿನಕ್ಕೆ 86,400 ಹನಿ. 20 ಹನಿಗೆ 1 ಮಿಲಿಲೀಟರ್ ಎಂದು ಹಿಡಿದರೂ 4 ಲೀಟರ್ ದಾಟುತ್ತದೆ. ಗುಡ್ಡದ ಒರತೆಯಿಂದ ತಾನಾಗಿ ಇಳಿದು ಬರುವ ನೀರಿಗೆ ಮೀಟರೂ ಇಲ್ಲ, ಬಿಲ್ಲೂ ಇಲ್ಲ, ಲೆಕ್ಕ ಇಡುವವರಾರು? ನಮ್ಮ ತಾಲ್ಲೂಕಿನಿಂದ 24 ಟಿಎಂಸಿ ಎತ್ತಿನಹೊಳೆ ನೀರನ್ನು ಕೋಲಾರದವರೆಗೆ ಒಯ್ಯುವ ಯೋಜನೆ ನಡೆದಿದೆ. ನಮ್ಮ ಮನೆಯ ನೀರು ಟ್ಯಾಂಕಿನಿಂದ ಷವರಿಗೆ ಹೋಗುವಷ್ಟರಲ್ಲೇ ದಾರಿ ತಪ್ಪುತ್ತದೆ.

ನೀರು ಸರಬರಾಜಿನವರು ಪೈಪಿಗೆ ಸಲಾಕೆ ಆನಿಸಿ, ಇನ್ನೊಂದು ತುದಿಗೆ ಕಿವಿಕೊಟ್ಟು ಸೋರಿಕೆ ಹುಡುಕುವುದುಂಟು. ನನ್ನಲ್ಲಿದ್ದದ್ದು ಸ್ಟೀಲ್ ಲೋಟ. ಎಲ್ಲರೂ ಮಲಗಿದ ಮೇಲೆ ಅದರ ಬಾಯಿಯನ್ನು ಟೈಲಿಗೂ ತಳವನ್ನು ಕಿವಿಗೂ ಒತ್ತಿಕೊಂಡೆ. ಮೊದಲು ಕೇಳಿಸಿದ್ದು ನನ್ನದೇ ಎದೆಬಡಿತ. ಗೀಸರಿನ ಕೆಳಗೆ ಗುಂಯ್ ಎಂದದ್ದು ಪಕ್ಕದ ಅಡುಗೆಮನೆಯ ಫ್ರಿಜ್ಜು. ಕಮೋಡಿನ ಮೇಲೆ ಹತ್ತಿ ಆಲಿಸಿದರೆ ದಡದಡ ದಡದಡ! ಸಿಕ್ಕಿತೆಂದು ಪೆನ್ಸಿಲಿನಲ್ಲಿ ಗುರುತು ಹಾಕುವಷ್ಟರಲ್ಲಿ ಅದು ಕೂ ಎಂದಿತು. ಸುಬ್ರಹ್ಮಣ್ಯದ ಕಡೆ ಘಟ್ಟ ಇಳಿಯುವ ರೈಲು.

ಅಷ್ಟರಲ್ಲಿ ಅಮ್ಮ ಬಂದರು.

“ಏನೋ ಇದು, ಸರಿರಾತ್ರೀಲಿ?”

“ನೀರು ಕೇಳ್ತಿದೀನಮ್ಮ.”

ಅಮ್ಮ ಮರುಮಾತಾಡದೆ ಲೋಟ ಕಿತ್ತುಕೊಂಡು, ನೀರು ತುಂಬಿಸಿ ತಂದು ಕೊಟ್ಟರು. ಕುಡಿದೆ. ಒರೆಸಿ ಮತ್ತೆ ಗೋಡೆಗಿಟ್ಟೆ. ಅಮ್ಮ ಸ್ವಲ್ಪ ಹೊತ್ತು ನೋಡಿ, ಒಳಗಿನಿಂದ ತಮಗೊಂದು ಚೊಂಬು ತಂದರು. “ಇಲ್ಲಿ ನಿಮ್ಮಪ್ಪನ ಗೊರಕೆ ಚೆನ್ನಾಗಿ ಕೇಳುತ್ತೆ ಕಣೋ,” ಎಂದರು. ಎದ್ದು ಬಂದ ಹೆಂಡತಿ ಬೈಯಲೆಂದೇ ಬಾಯಿ ತೆರೆದವಳು, ಚೊಂಬಿನ ಪಾಳಿ ತನಗೆ ಬಂದಾಗ ಸುಮ್ಮನಾದಳು. ಮಲಗುವಷ್ಟರಲ್ಲಿ ಗೋಡೆಯ ತುಂಬ ಗುರುತು. ಒಬ್ಬರದು ಇನ್ನೊಬ್ಬರಿಗೆ ಒಪ್ಪಿಗೆಯಿಲ್ಲ.

‘ನಾಳೆ ಬಂದೆ ಅಣ್ಣ’ ಎನ್ನುತ್ತಲೇ ಇದ್ದ ಪ್ಲಂಬರ್ ಕೊನೆಗೂ ಬಂದ. ನಮ್ಮ ಗುರುತುಗಳನ್ನು ಕಣ್ಣೆತ್ತಿಯೂ ನೋಡದೆ ಷವರಿನ ಬುಡದ ಟೈಲ್ ಒಡೆದ. ಒಳಗಿದ್ದದ್ದು ಹಿತ್ತಾಳೆ ಥ್ರೆಡ್ ಇಲ್ಲದ ಬರೀ ಪ್ಲಾಸ್ಟಿಕ್ ಎಲ್ಬೋ. ವಿಪರೀತ ಬಿಗಿದು ಕೂದಲೆಳೆಯಷ್ಟು ಬಿರುಕು. ಪಕ್ಕದ ಜಾಯಿಂಟೂ ಜಿನುಗುತ್ತಿತ್ತು. ಸಿಪಿವಿಸಿ ಪೈಪಿಗೆ ಹಚ್ಚುವ ಸಲ್ವೆಂಟ್ ಎರಡೂ ಮೈಗಳನ್ನು ಕರಗಿಸಿ ಒಂದಾಗಿಸಬೇಕು. ಅದಕ್ಕೆ ಪೈಪ್ ಒಣಗಿರಬೇಕು, ಕೂರಿಸಿ ಕಾಲು ಸುತ್ತು ತಿರುಗಿಸಿ ಹಿಡಿದುಕೊಂಡಿರಬೇಕು. ನಮ್ಮ ಪೈಪಿನ ಕೆಲಸ ನಡೆದದ್ದು ಜುಲೈನಲ್ಲಿ! “ಗಾರೆ ಮಾಡೋ ಮುಂಚೆ ಪ್ರೆಷರ್ ಟೆಸ್ಟ್ ಮಾಡ್ಸಿದ್ರಾ?” ಎಂದ. ಟೈಲ್ಸ್ ಬಣ್ಣ ಆರಿಸಲು ಇಡೀ ಸಂಸಾರ ಹಾಸನದ ಅಂಗಡಿಗಳನ್ನು ಸುತ್ತಿತ್ತು. ಒಳಗಿನ ಎಲ್ಬೋ ಎಂಥದೆಂದು ಒಬ್ಬರೂ ಕೇಳಿರಲಿಲ್ಲ. ಎಂಥದು ಹಾಕಿದೆನೆಂದು ಹೇಳಬೇಕಾದ ಆಸಾಮಿಯಂತೂ ಬಿಲ್ ಪಾವತಿಯಾದ ದಿನದಿಂದ ಫೋನ್ ಎತ್ತುತ್ತಿಲ್ಲ.

“ಇಷ್ಟು ದಿನ ಸೋರಿದ ನೀರು ಎಲ್ಲಿಗೆ ಹೋಯ್ತಣ್ಣ?”

ಬಚ್ಚಲಿನ ಹಿಂದೆ ಧರೆ, ಧರೆಯ ಕೆಳಗೆ ರಸ್ತೆ. 2021ರ ಜುಲೈನಲ್ಲಿ ಇದೇ ದೋಣಿಗಲ್‌ನಲ್ಲಿ ರಾಷ್ಟ್ರೀಯ ಹೆದ್ದಾರಿ 75 ಕುಸಿದು ಸಂಚಾರ ನಿಂತಿತ್ತು. ನೀರು ಕುಡಿದ ಮಣ್ಣು ಹಿಡಿತ ಬಿಡುವುದು ಹೇಗೆಂದು ನಮ್ಮೂರಿನ ಮಕ್ಕಳಿಗೂ ಗೊತ್ತು. ಪ್ಲಂಬರ್ ಹಾಗೆಂದ ಮೇಲೆ ಹಿಂದೆ ಹೋಗಿ ಧರೆ ನೋಡಿಬಂದೆವು. ಯಾರೂ ನಗಲಿಲ್ಲ.

ಹಿತ್ತಾಳೆ ಎಲ್ಬೋ ಬಂತು, ಪ್ರೆಷರ್ ಗೇಜಿನ ಮುಳ್ಳು ಅಲುಗಾಡದೆ ನಿಂತಿತು. ಹೊಸ ಟೈಲ್ ಹಳೆಯದಕ್ಕೆ ಹೊಂದಲಿಲ್ಲ, ಹಾಳಾಗಿ ಹೋಗಲಿ. ಮುಚ್ಚುವ ಮುನ್ನ ಪೈಪುಗಳ ಫೋಟೊ ತೆಗೆದು, ಕಳೆಯದಿರಲೆಂದು ಕುಟುಂಬದ ವಾಟ್ಸಾಪ್ ಗುಂಪಿಗೆ ಹಾಕಿದ್ದೇನೆ. ಬೆಂಗಳೂರಿನ ಭಾವ ಕೇಳಿದ್ದಾರೆ: “ತುಂಬ ಚೆನ್ನಾಗಿದೆ, ಯಾವ ಜಾಗ? ವೀಕೆಂಡಿಗೆ ಬರಬಹುದಾ?”