ತಾಟಿನ ಕಾಕಾ

ಪುಣೆ ಹತ್ತಿರದ ಚಾಕಣದಲ್ಲಿ ನೆಲೆಸಿದ ಕನ್ನಡಿಗರ ನಡುವೆ ನಾಲ್ಕು ಮನೆಗೊಬ್ಬ ತಾಟಿನ ಕಾಕಾ ಸಿಗುತ್ತಾರೆ. ಒಬ್ಬರ ಹತ್ತಿರ ಅದು ಮುತ್ತಜ್ಜನ ಗಡಿಯಾರ, ಇನ್ನೊಬ್ಬರ ಹತ್ತಿರ ಮೊನೆ ಮುರಿದ ಕತ್ತಿ. ನಮ್ಮ ಕಾಕಾರ ಹತ್ತಿರ ಹೂಬಳ್ಳಿಯ ಪಿಂಗಾಣಿ ತಾಟು. ಮೊಟ್ಟೆಯಾಕಾರದ್ದು, ಹತ್ತು ಮಂದಿಗೆ ಬಡಿಸುವಷ್ಟು ದೊಡ್ಡದು. ಮೊನ್ನೆಯವರೆಗೆ ಅದರಲ್ಲಿ ಯಾರಿಗೂ ಏನೂ ಬಡಿಸಿರಲಿಲ್ಲ.

ಕಾಕಾ ವಿಜಾಪುರದ ಕಡೆಯವರು. ಇಲ್ಲಿನ ಎಂಐಡಿಸಿ ಕೈಗಾರಿಕಾ ಪ್ರದೇಶದ ಮೋಟಾರು ಕಾರ್ಖಾನೆಯೊಂದರ ಕ್ವಾಲಿಟಿ ವಿಭಾಗದಲ್ಲಿ ದುಡಿದು ನಿವೃತ್ತರಾದವರು. ಒಂದು ಬೋಲ್ಟಿಗೆ ಬ್ಯಾಚ್ ನಂಬರ್ ಇಲ್ಲವೆಂದರೆ ಇಡೀ ಲಾಟನ್ನೇ ವಾಪಸು ಕಳಿಸುತ್ತಿದ್ದ ಮನುಷ್ಯ. ಯಾವ ಉಕ್ಕು, ಯಾವ ಕುಲುಮೆ, ಯಾವ ಪಾಳಿ ಎಂಬುದಕ್ಕೆಲ್ಲ ಕಾಗದ ಬೇಕು. ಮನೆಗೆ ಬಂದು ಶೋಕೇಸಿನ ಬಾಗಿಲು ತೆರೆದರೆ ಮಾತ್ರ ಕಾಗದದ ನೆನಪೇ ಇರುವುದಿಲ್ಲ.

ನೀವು ಚಪ್ಪಲಿ ಬಿಡುವುದರೊಳಗೆ ಶುರು. "ಬರ್ರಿ, ಬರ್ರಿ. ಕೂಡೂಕಿಂತ ಮೊದಲ ಒಂದು ಸಾಮಾನು ತೋರಸ್ತೀನಿ." ಹಸಿಗೂಸನ್ನು ಎತ್ತಿದಂತೆ ಎರಡೂ ಕೈಯಲ್ಲಿ ತಾಟನ್ನು ಹೊರತೆಗೆಯುತ್ತಾರೆ. ಮುಟ್ಟಲು ಹೋದಿರೋ, "ಕೈ ಒರಸ್ಕೋರಿ."

ತಾಟಿನ ಇತಿಹಾಸ ಬಂದವರಿಗೆ ತಕ್ಕಂತೆ ಬದಲಾಗುತ್ತದೆ. ಮರಾಠಿ ನೆರೆಯವರು ಬಂದರೆ 1660. ಚಾಕಣದ ಕೋಟೆ ಸಂಗ್ರಾಮದುರ್ಗಕ್ಕೆ ಮೊಗಲ ಸರದಾರ ಶಾಯಿಸ್ತಾಖಾನ ಮುತ್ತಿಗೆ ಹಾಕಿದ್ದು, ಶಿವಾಜಿಯ ಕಿಲ್ಲೇದಾರ ಫಿರಂಗೋಜಿ ನರಸಾಳಾ ಸುಮಾರು ಎರಡು ತಿಂಗಳು ಕೋಟೆ ಬಿಟ್ಟುಕೊಡದೆ ಕಾದದ್ದು, ಖಾನ ಬೇಸತ್ತು ಇದೇ ತಾಟಿನಲ್ಲಿ ಉಂಡದ್ದು. ಊರ ಕಡೆಯವರು ಬಂದರೆ ಅದೇ ತಾಟು ವಿಜಾಪುರದ ಆದಿಲಶಾಹಿಯ ಅಡುಗೆಮನೆಗೆ ಹೋಗುತ್ತದೆ. ಕಾರ್ಖಾನೆಯ ಜರ್ಮನ್ ಸಾಹೇಬರು ಊಟಕ್ಕೆ ಬಂದ ರಾತ್ರಿ ಅದು ಜರ್ಮನಿಯದೇ ಆಗಿತ್ತು. ಸಾಹೇಬರು ತಾಟನ್ನು ಮಗುಚಿ ನೋಡಿ, ನಕ್ಕು, ಇನ್ನೊಂದು ಹೋಳಿಗೆ ಕೇಳಿದರು.

ಕಾಕಾರ ಹೆಂಡತಿ ಕಾಕೂ ಹೇಳುವ ಇತಿಹಾಸ ಬಹಳ ಚಿಕ್ಕದು. "ಪುಣೆ ಜುನಾ ಬಜಾರ್‌ದಾಗ ತಂದದ್ದರಿ. ಬುಧವಾರ ಸಂತಿ. ಚೌಕಾಶಿ ಮಾಡಿದಾಕಿ ನಾನು."

ತಾಟಿಗೂ ತನ್ನದೇ ಸಾಕ್ಷಿ ಇದೆ. ಅಂಚಿನ ಗುಲಾಬಿ ಬಳ್ಳಿಯನ್ನು ಬೆರಳಿಟ್ಟುಕೊಂಡು ಒಂದು ಸುತ್ತು ಬನ್ನಿ. ಒಂದು ಕಡೆ ಅರ್ಧ ಗುಲಾಬಿಗೆ ಸಂಬಂಧವೇ ಇಲ್ಲದ ಅರ್ಧ ಎಲೆ ಬಂದು ಕೂತಿದೆ. ತಾಮ್ರದ ಹಲಗೆಯಲ್ಲಿ ಚಿತ್ರ ಕೊರೆದು, ತೆಳು ಕಾಗದಕ್ಕೆ ಅಚ್ಚಿಳಿಸಿ, ಆ ಕಾಗದವನ್ನು ತಾಟಿನ ಮೇಲೆ ಉಜ್ಜುತ್ತಿದ್ದ ಕಾಲದ ಕೆಲಸವಿದು. ಪಟ್ಟಿಯ ಎರಡು ತುದಿ ಕೂಡುವಲ್ಲಿ ಅವಸರದ ಕೈ ಹೀಗೆ ಸಿಕ್ಕಿಬೀಳುತ್ತದೆ. ಇಂಗ್ಲೆಂಡಿನಲ್ಲಿ ಈ ವಿದ್ಯೆ ಶುರುವಾದದ್ದೇ 1750ರ ದಶಕದಲ್ಲಿ. ಶಾಯಿಸ್ತಾಖಾನ ಅಷ್ಟು ಹೊತ್ತು ಹಸಿದು ಕೂತಿರಲಾರ. ಬೆನ್ನ ಮೇಲಿನ ಮೂರು ಚುಕ್ಕೆಗಳನ್ನು ಕಾಕಾ ರಾಜಮುದ್ರೆ ಎನ್ನುತ್ತಾರೆ. ಗೂಡಿನಲ್ಲಿ ಸುಡುವಾಗ ತಾಟುಗಳು ಒಂದಕ್ಕೊಂದು ಅಂಟದಿರಲೆಂದು ಇಡುವ ಆಧಾರದ ಕಲೆ ಅದು. ಕಾರ್ಖಾನೆಯಲ್ಲಿ ಇಂಥ ಮಾಲು ಕಾಕಾರ ಮೇಜು ದಾಟುತ್ತಿರಲಿಲ್ಲ.

ಮೊಮ್ಮಗಳು ಒಂದು ದಿನ ಮೊಬೈಲಿನಲ್ಲಿ ಹಿಂಬದಿಯ ಅಳಿಸಿದ ಮುದ್ರೆಯನ್ನು ಹಿಗ್ಗಿಸಿ ನೋಡಿದಳು. ಉಳಿದದ್ದು ಕೊನೆಯ ನಾಲ್ಕು ಇಂಗ್ಲಿಷ್ ಅಕ್ಷರ: 'ಲ್ಯಾಂಡ್'. ಅಮೆರಿಕಕ್ಕೆ ಬರುವ ಸರಕಿನ ಮೇಲೆ ದೇಶದ ಹೆಸರಿರಲೇಬೇಕೆಂದು 1891ರಿಂದ ಕಾನೂನು ಬಂತು. ಅಂದಿನಿಂದ ಇಂಥ ಮುದ್ರೆ ಹೆಚ್ಚು. ಇಂಗ್ಲೆಂಡ್ ಇರಬಹುದು, ಹಾಲೆಂಡೂ ಇರಬಹುದು. ಹಾಲೆಂಡಿನ ಮಾಸ್ಟ್ರಿಕ್ಟ್‌ನಲ್ಲಿ 1836ರಲ್ಲಿ ಪೆಟ್ರಸ್ ರೆಗೂ ಶುರುಮಾಡಿದ ಕಾರ್ಖಾನೆ ಇಂಗ್ಲಿಷರ ಮಾದರಿಯಲ್ಲೇ ತಾಟು ಮಾಡಿ ಏಷ್ಯಾಕ್ಕೆಲ್ಲ ಮಾರಿತ್ತು.

"ಲ್ಯಾಂಡ್ ಅಂತ ಬರದದ ನೋಡ್ರಿ," ಎಂದರು ಕಾಕೂ. "ಆವಾಗ ಚಾಕಣದಾಗ ಅರ್ಧ ಗುಂಟೆ ತಗೋರಿ ಅಂತ ಬಡಕೊಂಡೆ. ಇವರು ತಾಟು ತಗೊಂಡ್ರು."

ಕಾಕಾ ಕುಗ್ಗಲಿಲ್ಲ. ಒಂದೇ ವಾರದಲ್ಲಿ ಹೊಸ ದಾರಿ ಹುಡುಕಿದರು. ಹಾಲೆಂಡ್ ಅಂದಮೇಲೆ ಡಚ್ಚರು. ಡಚ್ಚರಿಗೆ ಶಾಯಿಸ್ತಾಖಾನನ ಕಾಲದಲ್ಲಿ ಕೊಂಕಣ ಕರಾವಳಿಯ ವೆಂಗುರ್ಲೆಯಲ್ಲಿ ಕೋಠಿ ಇತ್ತು. ವೆಂಗುರ್ಲೆ ಆದಿಲಶಾಹಿಯ ಸೀಮೆ. ಅಲ್ಲಿಂದ ತಾಟು ಘಟ್ಟ ಹತ್ತುವುದು ಎಷ್ಟು ಹೊತ್ತಿನ ಕೆಲಸ? ಪುಣೆಯ ಬಾಜೀರಾವ್ ರಸ್ತೆಯ ಕೇಳ್ಕರ್ ಮ್ಯೂಸಿಯಮ್ಮಿನಲ್ಲಿ ಅಡಕೊತ್ತು, ದೀಪಗಳನ್ನೆಲ್ಲ ಗಾಜಿನೊಳಗೆ ಇಟ್ಟಿದ್ದಾರಲ್ಲ, ಅವರ ಕಣ್ಣಿಗೆ ಇದಿನ್ನೂ ಬಿದ್ದಿಲ್ಲ ಅಷ್ಟೆ.

ವಯಸ್ಸಿನ ವಿಚಾರದಲ್ಲಿ ಮಾತ್ರ ಅವರು ಹುಷಾರು. ಟೆಕ್ಸಾಸಿನ ಅಳಿಯ, "ಮಾವಾರ, ಇದನ್ನ ನಾವು ಒಯ್ತೀವಿ" ಎಂದಾಗ 1972ರ ಪ್ರಾಚ್ಯವಸ್ತು ಕಾನೂನು ಹೊರಬಂತು: ನೂರು ವರ್ಷ ದಾಟಿದ ಸಾಮಾನು ದೇಶದಾಚೆ ಹೋಗುವಂತಿಲ್ಲ. ಮೇಲಿನ ಮಹಡಿಯ ವಕೀಲರು "ಹಾಗಾದರೆ ಸರ್ಕಾರದಲ್ಲಿ ನೋಂದಾಯಿಸಿದ್ದೀರಾ?" ಎಂದು ಕೇಳಿದ ಸಂಜೆ ಅದಕ್ಕೆ ತೊಂಬತ್ತೆಂಟಷ್ಟೇ ಆಗಿತ್ತು.

ಮೊನ್ನೆಯ ಮಳೆಗೆ ತಳೇಗಾಂವ್ ಚೌಕದಲ್ಲಿ ವಾಹನಗಳು ಗಂಟೆಗಟ್ಟಲೆ ನಿಂತಿದ್ದವು. ಸಿಕ್ಕಿಕೊಂಡಿದ್ದ ನಾವೊಂದಿಷ್ಟು ಮಂದಿ ಕಾಕಾರ ಮನೆ ಹೊಕ್ಕೆವು. ಕಾಕಾ ಹಾಲಿಗೆ ಹೋಗಿದ್ದರು. ಸ್ಟೀಲಿನ ತಾಟು ಸಾಲದೆ ಕಾಕೂ ಶೋಕೇಸು ತೆರೆದು, ಚಾಕಣದ ಉಳ್ಳಾಗಡ್ಡಿ ಭಜಿಯನ್ನು ಬಿಸಿಬಿಸಿಯಾಗಿ ಅದರಲ್ಲೇ ಸುರಿದರು. ಭಜಿ ಮುಗಿಯುವ ಹೊತ್ತಿಗೆ ಕಾಕಾ ಬಾಗಿಲಲ್ಲಿ ನಿಂತಿದ್ದರು. ಯಾರೂ ಉಸಿರೆತ್ತಲಿಲ್ಲ. ಅವರು ಹತ್ತಿರ ಬಂದು, ಗುಲಾಬಿಯ ಮೇಲೆ ಉಳಿದಿದ್ದ ಕಟ್ಟಕಡೆಯ ಭಜಿಯನ್ನು ಬಾಯಿಗೆ ಹಾಕಿಕೊಂಡು, ಎಣ್ಣೆಗೆ ಮಿರುಗುತ್ತಿದ್ದ ತಾಟನ್ನು ಬೆಳಕಿಗೆ ಹಿಡಿದು ಹೇಳಿದರು:

"ಶಾಯಿಸ್ತಾಖಾನ ಬಂದದ್ದೂ ಮಳೆಗಾಲದಾಗರಿ. ಉಳ್ಳಾಗಡ್ಡಿ ಊರು ಇದು. ಎರಡು ತಿಂಗಳು ಮತ್ತ್ಯಾಕ ಕುಂತ ಅಂತೀರಿ?"