ಬಣ್ಣದ ತಟ್ಟೆ, ಅಪ್ಪನ ಹೊಟ್ಟೆ

ನಮ್ಮ ಮನೆಯಲ್ಲಿ ಅಡುಗೆ ಹೆಂಡತಿಯ ಖಾತೆ, ತಕರಾರು ಮಕ್ಕಳ ಖಾತೆ. ನನಗೆ ಉಳಿದಿರುವುದು ನೀತಿ ನಿರೂಪಣೆ ಮಾತ್ರ. ಇನ್ನು ಮುಂದೆ ಮಕ್ಕಳ ತಟ್ಟೆಯಲ್ಲಿ ಬಣ್ಣ ಇರತಕ್ಕದ್ದು ಎಂದು ನಾನು ಘೋಷಿಸಿದ್ದು ಆ ಅಧಿಕಾರದಿಂದಲೇ. ಕಾರಣವೂ ಇತ್ತು. ಬೆಳಿಗ್ಗೆ ಇಡ್ಲಿ, ಮಧ್ಯಾಹ್ನ ಮೊಸರನ್ನ, ಸಂಜೆ ಹಾಲು, ರಾತ್ರಿ ಮತ್ತೆ ಮೊಸರನ್ನ. ಬಿಳಿ ಬಿಟ್ಟು ಇನ್ಯಾವ ಬಣ್ಣಕ್ಕೂ ಇಬ್ಬರ ಬಾಯಲ್ಲೂ ಪ್ರವೇಶವಿರಲಿಲ್ಲ. ಒಗ್ಗರಣೆಯ ಕರಿಬೇವಿಗೂ ತಟ್ಟೆಯಂಚಿಗೆ ಗಡೀಪಾರು. "ಯಾರನ್ನ ನೋಡಿ ಕಲಿತವೋ" ಎಂದಳು ಹೆಂಡತಿ, ನನ್ನ ತಟ್ಟೆಯಂಚನ್ನೇ ನೋಡುತ್ತಾ.

ಮೊದಲು ಕ್ಯಾರೆಟ್. ಅದಕ್ಕೆ ಕಥೆ ಕಟ್ಟಿ ಉಣಿಸುವುದೆಂದು ತೀರ್ಮಾನಿಸಿದೆ. ಎರಡನೇ ಮಹಾಯುದ್ಧದಲ್ಲಿ ಬ್ರಿಟಿಷ್ ಪೈಲಟ್‌ಗಳು ಕ್ಯಾರೆಟ್ ತಿಂದೂ ತಿಂದೂ ಕತ್ತಲಲ್ಲೇ ಜರ್ಮನ್ ವಿಮಾನ ಹೊಡೆದುರುಳಿಸುತ್ತಿದ್ದರಂತೆ ಎಂದು ಕೈ ರೆಕ್ಕೆ ಮಾಡಿ ಹೇಳಿದೆ. ಮಗಳು ಮೊಬೈಲ್ ತಡಕಿ, ಅವರ ಹತ್ತಿರ ಇದ್ದದ್ದು ರಾಡಾರ್, ಕ್ಯಾರೆಟ್ ಬರೀ ಪ್ರಚಾರ ಎಂದು ತೀರ್ಪು ಕೊಟ್ಟಳು. ಎ ಜೀವಸತ್ವದ ಕೊರತೆಯಾದರೆ ಇರುಳುಗಣ್ಣು ಬರುವುದಂತೂ ನಿಜ ಎಂದು ನಾನು ಮೇಲ್ಮನವಿ ಸಲ್ಲಿಸುವಷ್ಟರಲ್ಲಿ ಮಗ ಎದ್ದು ಹೋಗಿದ್ದ. ಕ್ಯಾರೆಟ್ ತುಂಡುಗಳನ್ನು ಯಾರು ತಿಂದರೆಂದು ಕೇಳಬೇಡಿ. ಅನ್ನ ಚೆಲ್ಲಬಾರದೆಂದು ಅಜ್ಜಿ ಕೈಲಿ ತಲೆಗೆ ಮೊಟಕಿಸಿಕೊಂಡು ಬೆಳೆದವನು ನಾನು.

ಕಥೆ ಕೈಕೊಟ್ಟಿತು, ಇನ್ನು ಕಣ್ಣಿಗೇ ನೇರವಾಗಿ ಗಾಳ ಹಾಕಬೇಕೆಂದು ಮಾಲ್‌ನಿಂದ ನೇರಳೆ ಎಲೆಕೋಸು ತಂದೆ. ಭಾನುವಾರ ಅಡುಗೆಮನೆಯನ್ನು ವಶಪಡಿಸಿಕೊಂಡು, ಕೋಸನ್ನು ಕುದಿಸಿ ಆ ನೇರಳೆ ನೀರಿನಲ್ಲೇ ಅನ್ನ ಮಾಡಿ ಚಿತ್ರಾನ್ನ ಕಲಸುವುದು ಯೋಜನೆ. ಕಲಾಸಿಪಾಳ್ಯದ ಕೋಸಿಗಿಂತ ಮೂರು ಪಟ್ಟು ಬೆಲೆ ತೆತ್ತಿದ್ದೆ, ಬಣ್ಣ ಕೆಡಬಾರದಲ್ಲ? ಸೊಪ್ಪು ಬೇಯಿಸುವಾಗ ಹಸಿರು ಉಳಿಯಲೆಂದು ಅಮ್ಮ ಚಿಟಿಕೆ ಸೋಡಾ ಹಾಕುತ್ತಿದ್ದದ್ದು ನೆನಪಾಗಿ, ನಾನೂ ಹಾಕಿದೆ. ನನ್ನ ಚಿಟಿಕೆ ಸ್ವಲ್ಪ ಉದಾರ. ಅದರ ಜೊತೆಗೆ ನಮ್ಮ ಅಪಾರ್ಟ್‌ಮೆಂಟಿನ ಬೋರ್‌ವೆಲ್ ನೀರು, ಬಕೆಟ್ಟಿನ ಮೇಲೆ ಸುಣ್ಣ ಬಳಿಯುವಂಥದ್ದು.

ಕುಕ್ಕರ್ ತೆಗೆದರೆ ಅನ್ನ ನೀಲಿ! ತಿಳಿನೀಲಿಯಲ್ಲ, ಶಾಲೆಯ ಸಮವಸ್ತ್ರದ ನೀಲಿ. ಆ ಕೋಸಿನ ಬಣ್ಣಕ್ಕೆ ಕಾರಣವಾದ ಆಂಥೋಸಯನಿನ್ ಎಂಬುದು ಊಸರವಳ್ಳಿಯ ಜಾತಿಯದಂತೆ; ಹುಳಿ ಸಿಕ್ಕಿದರೆ ಗುಲಾಬಿ, ಕ್ಷಾರ ಸಿಕ್ಕಿದರೆ ನೀಲಿ, ಇನ್ನೂ ಜಾಸ್ತಿಯಾದರೆ ಹಸಿರು. ಇದು ನನಗೆ ಗೊತ್ತಾದದ್ದು ಆಮೇಲೆ. ಆಗ ಗೊತ್ತಿದ್ದದ್ದು ಒಂದೇ, ಒಗ್ಗರಣೆ ಹಾಕಿದರೆ ಎಂಥ ಅಡುಗೆಯೂ ಉದ್ಧಾರವಾಗುತ್ತದೆ ಎಂಬುದು. ಅರಿಶಿನದ ಒಗ್ಗರಣೆ ಸುರಿದೆ. ನೀಲಿಗೆ ಹಳದಿ ಸೇರಿ ಅಲ್ಲಲ್ಲಿ ಪಾಚಿ ಹಸಿರಾಯಿತು. ಗಾಬರಿಯಲ್ಲಿ ನಿಂಬೆಹಣ್ಣು ಹಿಂಡಿದೆ. ರಸ ಬಿದ್ದಲ್ಲೆಲ್ಲ ಗುಲಾಬಿ. ಬಾಣಲೆ ಹೋಳಿ ಮುಗಿದ ಬೀದಿಯಂತೆ ಕಂಡಿತು.

ಮಕ್ಕಳಿಗೆ ಸ್ವರ್ಗ. "ಅಪ್ಪಾ, ಇನ್ನೊಂದು ನಿಂಬೆ!" ಎಂದು ಕುಣಿದರು. ಉಳಿದ ಕೋಸಿನ ನೀರನ್ನು ಲೋಟಗಳಿಗೆ ಹಂಚಿ, ವಿನಿಗರ್, ಸೋಡಾ, ಸೋಪಿನ ನೀರು ಎಲ್ಲ ಸುರಿದು ನೋಡಿದರು. ಮೇಲಿನ ಮಹಡಿಯ ಮಕ್ಕಳೂ ಬಂದರು. ಹೀಗೆ ಮನೆಯಲ್ಲಿ ವಿಜ್ಞಾನ ಮೇಳ ನಡೆಯಿತೇ ಹೊರತು ಒಬ್ಬನೂ ಒಂದು ತುತ್ತು ಬಾಯಿಗಿಡಲಿಲ್ಲ. "ತಿನ್ನೋ" ಎಂದರೆ, "ಪ್ರಯೋಗಾಲಯದಲ್ಲಿ ಏನನ್ನೂ ತಿನ್ನಬಾರದು ಅಂತ ಟೀಚರ್ ಹೇಳಿದ್ದಾರೆ" ಎಂದ ಮಗ. ಆ ಚಿತ್ರಾನ್ನ ಸೋಮವಾರ ನನ್ನ ಆಫೀಸಿನ ಡಬ್ಬಿಯಲ್ಲೂ ಇತ್ತು. ಸಹೋದ್ಯೋಗಿಗಳು ಎರಡು ಕುರ್ಚಿ ಬಿಟ್ಟು ಕೂತರು.

ಅದೇ ಸಂಜೆ ಮಗ ಬೀದಿಬದಿಯ ಗೋಬಿ ಮಂಚೂರಿ ಬೇಕೆಂದು ಹಟ ಹಿಡಿದ. ಕೆಂಪಗೆ ಹೊಳೆಯುವ ಗೋಬಿ. "ಬಣ್ಣ ಬಣ್ಣದ್ದು ತಿನ್ನಬೇಕು ಅಂದೋನು ನೀನೇ ತಾನೇ? ಅದು ತರಕಾರಿ ತಾನೇ?" ಎಂದು ನನ್ನ ನೀತಿಯನ್ನೇ ನನ್ನ ಮುಖಕ್ಕೆ ಹಿಡಿದ. ಗೋಬಿಗೂ ಬಾಂಬೆ ಮಿಠಾಯಿಗೂ ಕೃತಕ ಬಣ್ಣ ಬೆರೆಸಬಾರದೆಂದು 2024ರ ಮಾರ್ಚ್‌ನಲ್ಲಿ ಕರ್ನಾಟಕ ಸರ್ಕಾರವೇ ನಿಷೇಧಿಸಿದೆ, ಮಿಠಾಯಿಯಲ್ಲಿ ಸಿಕ್ಕ ರೋಡಮಿನ್-ಬಿ ಬಟ್ಟೆಗೆ ಹಾಕುವ ಬಣ್ಣ ಎಂದೆಲ್ಲ ವಿವರಿಸಿದೆ. ಅವನು ನನ್ನ ಶರ್ಟಿನ ಮೇಲಿದ್ದ ನೀಲಿ ಕಲೆ ನೋಡಿ, "ನಿನ್ನ ಚಿತ್ರಾನ್ನದ್ದೂ ಬಟ್ಟೆಗೆ ಹಾಕೋ ಬಣ್ಣವೇ" ಎಂದ.

ಆಮೇಲೆ ಬೀಟ್‌ರೂಟ್ ಯುಗ. ಪಲ್ಯ, ಸಾಗು, ಪೂರಿ, ಹಲ್ವ. ಆಶ್ಚರ್ಯವೆಂದರೆ ಮಕ್ಕಳ ತಟ್ಟೆ ಖಾಲಿಯಾಗತೊಡಗಿತು! ನಾನು ಟೀವಿಯಲ್ಲಿ ಸುದ್ದಿ ನೋಡುತ್ತಾ, ಗೆದ್ದ ಸೇನಾಪತಿಯ ಗತ್ತಿನಲ್ಲಿ ಊಟ ಮಾಡುತ್ತಿದ್ದೆ. ಒಂದು ಬೆಳಿಗ್ಗೆ ಬಚ್ಚಲಿಗೆ ಹೋದವನು ಕಮೋಡ್ ನೋಡಿ ಗೋಡೆ ಹಿಡಿದುಕೊಂಡೆ. ಕೆಂಪು. ಮನೆಯವರಿಗೆ ಹೇಳದೆ, ತೊಳೆದಿಟ್ಟ ಜಾಮ್ ಬಾಟಲಿಯಲ್ಲಿ ಸ್ಯಾಂಪಲ್ ಹಿಡಿದುಕೊಂಡು ಡಾಕ್ಟರ ಬಳಿಗೆ ಓಡಿದೆ. ವಿಮಾ ಪಾಲಿಸಿಯ ಕಾಗದ ಯಾವ ಕಪಾಟಿನಲ್ಲಿದೆ ಎಂದು ದಾರಿಯುದ್ದಕ್ಕೂ ಯೋಚನೆ.

ಡಾಕ್ಟರು ಬಾಟಲಿಯ ಮೇಲಿನ ಸ್ಟ್ರಾಬೆರಿ ಚಿತ್ರವನ್ನು ತುಸು ಹೊತ್ತು ನೋಡಿದರು. "ಬೀಟ್‌ರೂಟ್ ತಿಂದಿದ್ರಾ?"

"ಸ್ವಲ್ಪ. ಒಂದೆರಡು ಸೌಟು."

"ಇದು ಒಂದೆರಡು ಸೌಟಿನ ಬಣ್ಣ ಅಲ್ಲ ಸ್ವಾಮಿ. ಕೆಲವರಿಗೆ ಬೀಟ್‌ರೂಟಿನ ಬಣ್ಣ ಹಾಗೇ ಹೊರಗೆ ಬರುತ್ತೆ, ಅಪಾಯವಿಲ್ಲ." ಆದರೂ ರಕ್ತ, ಮೂತ್ರ ಎರಡನ್ನೂ ಪರೀಕ್ಷೆ ಮಾಡಿಸಿದರು. ವರದಿ ನೋಡಿ, "ಸಕ್ಕರೆ, ಕೊಲೆಸ್ಟ್ರಾಲ್ ಎಲ್ಲ ಇಳಿದಿದೆಯಲ್ಲ! ಏನು ಮಾಡ್ತಿದ್ದೀರಿ?" ಎಂದು ಕೇಳಿದರು. ಏನು ಮಾಡುತ್ತಿದ್ದೇನೆಂಬುದು ನನಗೂ ಗೊತ್ತಿರಲಿಲ್ಲ.

ರಾತ್ರಿ ಟೀವಿ ಕಡೆಗೇ ಮುಖ ಮಾಡಿ ಕಳ್ಳಗಣ್ಣಿನಲ್ಲಿ ಗಮನಿಸಿದೆ. ಎಡಗಡೆಯಿಂದ ಮಗನ ಚಮಚ, ಬಲಗಡೆಯಿಂದ ಮಗಳ ಚಮಚ, ಎರಡೂ ಸದ್ದಿಲ್ಲದೆ ನನ್ನ ತಟ್ಟೆಗೆ ಪಲ್ಯ ಸಾಗಿಸುತ್ತಿದ್ದವು. ಎದುರಿಗೆ ಕೂತ ಹೆಂಡತಿ ಎಲ್ಲವನ್ನೂ ನೋಡುತ್ತಿದ್ದಳು. ಬಹಳ ದಿನದಿಂದ ನೋಡುತ್ತಿದ್ದಾಳೆಂದು ಅವಳ ಮುಖವೇ ಹೇಳುತ್ತಿತ್ತು. ದೊಡ್ಡವರು ದಿನಕ್ಕೆ ಕನಿಷ್ಠ 400 ಗ್ರಾಂ ಹಣ್ಣು ತರಕಾರಿ ತಿನ್ನಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ನಾನು ಮೂವರ ಪಾಲನ್ನು ಒಬ್ಬನೇ ಮುಗಿಸುತ್ತಿದ್ದೆ.

ಮೊನ್ನೆ ಪಕ್ಕದ ಮನೆಯ ಮಂಗಳೂರು ಆಂಟಿ ಸ್ಟೀಲ್ ಡಬ್ಬಿ ಹಿಡಿದು ಬಂದರು. ಒಳಗೆ ಕೆಂಪು ಹರಿವೆ ಸೊಪ್ಪಿನ ಪಲ್ಯ, ಕಾಯಿತುರಿ ಕೂಡ ಕೆಂಪೇರಿತ್ತು. "ನಿಮ್ಮ ಮಕ್ಕಳು ದಿನಾ ಸಂಜೆ ನಮ್ಮಲ್ಲಿ ಇದನ್ನು ಅನ್ನಕ್ಕೆ ಕಲಸಿಕೊಂಡು ಎರಡೆರಡು ಸಲ ಬಡಿಸಿಕೊಂಡು ತಿಂತಾರೆ ಮಾರಾಯ್ರೆ. ಬಸಳೆ ಸಾಂಬಾರಂತೂ ಕುಡಿದೇ ಬಿಡ್ತಾರೆ. ಪಾಪ, ಮನೆಯಲ್ಲಿ ತರಕಾರಿ ಸಿಗುವುದಿಲ್ಲವಂತೆ?"

"ಸಿಗುವುದಿಲ್ಲವೇ? ಯಾರು ಹೇಳಿದರು?"

ಆಂಟಿ ನನ್ನನ್ನು ಮೇಲಿಂದ ಕೆಳಗೆ ನೋಡಿ, ಡಬ್ಬಿಯನ್ನು ನನ್ನ ಕೈಗೆ ಕೊಡದೆ ಹೆಂಡತಿಯ ಕೈಗೇ ಕೊಟ್ಟರು.

"ಮಕ್ಕಳೇ ಹೇಳಿದ್ದು. ಎಲ್ಲ ಅಪ್ಪನೇ ತಿಂದುಬಿಡ್ತಾರೆ ಅಂತ."